ಪೊರೆ ಆಪರೇಷನ್ನಿನ ಎಸ್‌ಐಎ ಲೆಕ್ಕ ಸರಿ ಬರುತ್ತಿಲ್ಲವೇ? ದೋಷ ಹುಡುಕುವ ಬಗೆ

ಕಣ್ಣಿನ ಪೊರೆ ತೆಗೆಯಬೇಕಾದರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಅಂಚಿನಲ್ಲಿ ಒಂದು ಸೀಳು ಹಾಕಲೇಬೇಕು. ಸೀಳು ಬಿದ್ದ ಮೇಲೆ ಕಾರ್ನಿಯಾದ ಆಕಾರ ಮೊದಲಿನ ಹಾಗೇ ಉಳಿಯುವುದಿಲ್ಲ. ಹೀಗೆ ಆಪರೇಷನ್ನಿನಿಂದಲೇ ಹುಟ್ಟಿದ ಅಸ್ಟಿಗ್ಮ್ಯಾಟಿಸಂ (ಒಂದು ದಿಕ್ಕಿನ ಬಾಗು ಇನ್ನೊಂದಕ್ಕಿಂತ ಹೆಚ್ಚಿರುವುದು) ಎಷ್ಟು ಡಯಾಪ್ಟರ್ (ಬೆಳಕು ಬಾಗಿಸುವ ಶಕ್ತಿಯ ಅಳತೆ), ಯಾವ ಆಕ್ಸಿಸ್‌ನಲ್ಲಿ (ಯಾವ ಕೋನದಲ್ಲಿ) ಎಂದು ಹೇಳುವ ಅಂಕಿಯೇ ಎಸ್‌ಐಎ, ಅಂದರೆ ಸರ್ಜಿಕಲಿ ಇಂಡ್ಯೂಸ್ಡ್ ಅಸ್ಟಿಗ್ಮ್ಯಾಟಿಸಂ. ಮುಂಚಿನ ಕೆ ರೀಡಿಂಗ್ (ಕಾರ್ನಿಯಾದ ಬಾಗಿನ ಅಳತೆ) ಇದೆ, ನಂತರದ ಕೆ ರೀಡಿಂಗ್ ಇದೆ, ಎರಡರ ವ್ಯತ್ಯಾಸ ತೆಗೆದರಾಯಿತು. ಕೇಳಲು ಇಷ್ಟೇ. ಆದರೆ ಲೆಕ್ಕಕ್ಕೆ ಕೂತಾಗ 2.4 ಮಿ.ಮೀ. ಸೀಳಿಗೆ 1.8 ಡಯಾಪ್ಟರ್ ಅಂತ ಬರುತ್ತದೆ. ಇಲ್ಲವೇ ಒಂದು ಕಣ್ಣಿಗೆ 0.1, ಅದೇ ಕೈಯ ಇನ್ನೊಂದು ಕಣ್ಣಿಗೆ 0.9. ಆಗ ಎಲ್ಲರ ಕಣ್ಣು ಹೋಗುವುದು ಸರ್ಜನ್ ಕೈಯ ಮೇಲೆ.

ಅಷ್ಟು ಬೇಗ ಅಲ್ಲಿಗೆ ಹೋಗಬೇಡಿ. ಎಸ್‌ಐಎ ಪ್ರಮಾಣ ಎಂದೂ ಮೈನಸ್ ಆಗುವುದಿಲ್ಲ. ಕಣ್ಣೀರಿನ ಪದರ ಒಡೆದಿದ್ದರೂ, ಗಲ್ಲ ಓರೆಯಾಗಿದ್ದರೂ, ಆಕ್ಸಿಸ್ ತಪ್ಪಾಗಿ ಬರೆದಿದ್ದರೂ, ಎಕ್ಸೆಲ್ ಸೂತ್ರ ಕೆಟ್ಟಿದ್ದರೂ ಫಲಿತಾಂಶ ಒಂದು ಪ್ಲಸ್ ಅಂಕಿಯೇ. ಅದು ನೋಡಲು ಸೀಳಿನ ಪರಿಣಾಮದ ಹಾಗೇ ಇರುತ್ತದೆ. ಆದ್ದರಿಂದ ಸೀಳನ್ನು ಕೊನೆಗೆ ಅನುಮಾನಿಸಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೆಳಗಿನ ಕ್ರಮವೂ ಹಾಗೇ ಇದೆ. ಕೂತ ಜಾಗದಲ್ಲೇ ಪರೀಕ್ಷಿಸಬಹುದಾದದ್ದು ಮೊದಲು, ರೋಗಿಯನ್ನು ಮತ್ತೆ ಕರೆಸಬೇಕಾದದ್ದು ಆಮೇಲೆ.

ಎಷ್ಟು ಬಂದರೆ ಸಹಜ?

ಸೀಳು ಬಿದ್ದ ಮೆರಿಡಿಯನ್ (ಕಾರ್ನಿಯಾದ ನಡುವಿನ ಮೂಲಕ ಹಾಯುವ ಗೆರೆ) ಚಪ್ಪಟೆಯಾಗುತ್ತದೆ, ಅದಕ್ಕೆ 90 ಡಿಗ್ರಿ ಆಚೆಯದು ಅಷ್ಟೇ ಕಡಿದಾಗುತ್ತದೆ. ಎಸ್‌ಐಎ ಆಕ್ಸಿಸ್ ಹೇಳುವುದು ಈ ಕಡಿದಾದ ಮೆರಿಡಿಯನ್ ಅನ್ನೇ. ಹಾಗಾಗಿ ಕಿವಿಯ ಕಡೆಯಿಂದ, ಅಂದರೆ ಟೆಂಪೊರಲ್ ಬದಿಯಿಂದ ಸೀಳಿದರೆ ಎಸ್‌ಐಎ ಆಕ್ಸಿಸ್ 90ರ ಆಸುಪಾಸು ಬರಬೇಕು. ಮೇಲಿನಿಂದ ಸೀಳಿದರೆ 180ರ ಆಸುಪಾಸು.

ಪ್ರಮಾಣದ ವಿಷಯಕ್ಕೆ ಬಂದರೆ, 2.2ರಿಂದ 2.8 ಮಿ.ಮೀ. ಟೆಂಪೊರಲ್ ಸೀಳಿಗೆ ಒಂದೊಂದು ಕಣ್ಣಿನಲ್ಲಿ 0.2ರಿಂದ 0.6 ಡಯಾಪ್ಟರ್ ಕಾಣುವುದು ಮಾಮೂಲು. ಮೇಲಿನಿಂದ ಮಾಡಿದ 6 ಮಿ.ಮೀ. ಟನಲ್ (ಸುರಂಗದಂತೆ ಓರೆಯಾಗಿ ಕೊರೆದ ಸೀಳು) ಆದರೆ 1 ಡಯಾಪ್ಟರ್ ದಾಟುವುದೂ ಆಶ್ಚರ್ಯವಲ್ಲ. ಉದ್ದ ಹೆಚ್ಚಿದಂತೆ ಪರಿಣಾಮ ಸ್ಥೂಲವಾಗಿ ಉದ್ದದ ಘನಕ್ಕೆ ತಕ್ಕಂತೆ ಏರುತ್ತದೆ. ಉಳಿದೆಲ್ಲ ಒಂದೇ ಇದ್ದು ಸೀಳು ಎರಡು ಪಟ್ಟು ಉದ್ದವಾದರೆ ಪರಿಣಾಮ ಎಂಟು ಪಟ್ಟಿನ ಹತ್ತಿರ ಹೋಗಬಹುದು. ಜೊತೆಗೆ ಸೀಳು ಕಾರ್ನಿಯಾದ ನಡುವಿನಿಂದ ದೂರ ಹೋದಷ್ಟೂ ಪರಿಣಾಮ ಕಡಿಮೆ. ಕಾರ್ನಿಯಾ ಮೇಲೆ-ಕೆಳಗೆಗಿಂತ ಅಡ್ಡಕ್ಕೆ ಅಗಲ ಜಾಸ್ತಿ. ಅದಕ್ಕೇ ಟೆಂಪೊರಲ್ ಸೀಳು ನಡುವಿನಿಂದ ಹೆಚ್ಚು ದೂರ ಬೀಳುತ್ತದೆ, ಕಾಟ ಕಡಿಮೆ ಕೊಡುತ್ತದೆ. ಮೇಲಿನ ರೆಪ್ಪೆಯ ಒತ್ತಡವೂ ಅದರ ಮೇಲೆ ಅಷ್ಟಾಗಿ ಬೀಳುವುದಿಲ್ಲ.

ನಿಮ್ಮ ಅಂಕಿ ಈ ಮಿತಿಯಿಂದ ತುಂಬಾ ಆಚೆ ಇದ್ದರೆ ಹುಡುಕಾಟ ಶುರು ಮಾಡಿ.

ಮೊದಲು ಲೆಕ್ಕದ ಹಾಳೆ

ಅಸ್ಟಿಗ್ಮ್ಯಾಟಿಸಂಗೆ ಪ್ರಮಾಣವೂ ಇದೆ, ದಿಕ್ಕೂ ಇದೆ. ಸುಮ್ನೆ ಒಂದರಿಂದ ಇನ್ನೊಂದನ್ನು ಕಳೆಯಲು ಆಗುವುದಿಲ್ಲ. ಮುಂಚೆ 90 ಡಿಗ್ರಿಯಲ್ಲಿ 1.00 ಇತ್ತು, ಈಗ 100 ಡಿಗ್ರಿಯಲ್ಲಿ 1.00 ಇದೆ ಎಂದುಕೊಳ್ಳಿ. ಕಳೆದರೆ ಸೊನ್ನೆ. ಸರಿಯಾದ ಉತ್ತರ 140 ಡಿಗ್ರಿಯಲ್ಲಿ 0.35. ಈ ವೆಕ್ಟರ್ ದಾರಿಯನ್ನು ಪೊರೆ ಆಪರೇಷನ್ನಿನ ಲೆಕ್ಕಕ್ಕೆ ಜಾಫಿ ಮತ್ತು ಕ್ಲೇಮನ್ 1975ರಲ್ಲೇ ತೋರಿಸಿದ್ದಾರೆ.

ಮಾಡುವುದು ಹೀಗೆ. ಆಕ್ಸಿಸ್ ಅನ್ನು ಎರಡರಿಂದ ಗುಣಿಸಿ. ಸಿಲಿಂಡರ್ (ಕಡಿದಾದ, ಚಪ್ಪಟೆ ಮೆರಿಡಿಯನ್‌ಗಳ ಶಕ್ತಿಯ ವ್ಯತ್ಯಾಸ) ಪ್ರಮಾಣವನ್ನು ಆ ಕೋನದ ಕೊಸೈನ್‌ನಿಂದ ಗುಣಿಸಿದರೆ ಎಕ್ಸ್, ಸೈನ್‌ನಿಂದ ಗುಣಿಸಿದರೆ ವೈ. ನಂತರದ ಎಕ್ಸ್, ವೈಗಳಿಂದ ಮುಂಚಿನವನ್ನು ಕಳೆಯಿರಿ. ಉಳಿದ ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಎಸ್‌ಐಎ ಪ್ರಮಾಣ. ಅವೆರಡರಿಂದ ಬರುವ ಕೋನದ ಅರ್ಧವೇ ಆಕ್ಸಿಸ್. ಕೋನ ಮೈನಸ್ ಬಂದರೆ 360 ಕೂಡಿಸಿ, ಆಮೇಲೆ ಅರ್ಧ ಮಾಡಿ. ಕೋನವನ್ನು ಎರಡು ಪಟ್ಟು ಮಾಡುವುದೇಕೆ ಅಂದರೆ, ಅಸ್ಟಿಗ್ಮ್ಯಾಟಿಸಂನಲ್ಲಿ 0 ಮತ್ತು 180 ಎರಡೂ ಒಂದೇ, ಪರಸ್ಪರ ವಿರುದ್ಧ ಇರುವುದು 0 ಮತ್ತು 90.

ನಿಮ್ಮ ಹಾಳೆ ಸರಿಯಿದೆಯೇ ಎಂದು ತಿಳಿಯಲು ನಿಜವಾದ ರೋಗಿಗಳ ಅಂಕಿ ಬೇಡ. ಉತ್ತರ ಮೊದಲೇ ಗೊತ್ತಿರುವ ಈ ಸಾಲುಗಳನ್ನು ಹಾಕಿ ನೋಡಿ:

ಮುಂಚೆ 1.00, 90ರಲ್ಲಿ, ನಂತರ 1.00, 90ರಲ್ಲಿ. ಉತ್ತರ ಸೊನ್ನೆ.
ಮುಂಚೆ 0, ನಂತರ 1.00, 45ರಲ್ಲಿ. ಉತ್ತರ 1.00, 45ರಲ್ಲಿ.
ಮುಂಚೆ 1.00, 90ರಲ್ಲಿ, ನಂತರ 1.00, 180ರಲ್ಲಿ. ಉತ್ತರ 2.00, 180ರಲ್ಲಿ.
ಅದನ್ನೇ ತಿರುವಿ: ಮುಂಚೆ 180, ನಂತರ 90. ಉತ್ತರ 2.00, 90ರಲ್ಲಿ.
ಮುಂಚೆ 0.50, 5ರಲ್ಲಿ, ನಂತರ 0.50, 175ರಲ್ಲಿ. ಉತ್ತರ 0.17, 135ರಲ್ಲಿ.

ಯಾವ ಸಾಲು ತಪ್ಪಿತು ಎನ್ನುವುದೇ ಕಾರಣವನ್ನು ಹೇಳುತ್ತದೆ. ಮೂರನೇ ಸಾಲಿಗೆ 2.00 ಬದಲು 1.79 ಬಂತೇ? ಎಕ್ಸೆಲ್‌ನ ಸೈನ್, ಕೊಸೈನ್ ಸೂತ್ರಗಳಿಗೆ ಕೋನ ರೇಡಿಯನ್‌ನಲ್ಲಿ ಬೇಕು, ನೀವು ಡಿಗ್ರಿ ಕೊಟ್ಟಿದ್ದೀರಿ. ಈ ತಪ್ಪು ಅಪಾಯಕಾರಿ, ಏಕೆಂದರೆ ಬರುವ ಅಂಕಿ ನಂಬುವ ಹಾಗೇ ಇರುತ್ತದೆ. ಎರಡನೇ ಸಾಲಿನಲ್ಲಿ ಪ್ರಮಾಣ ಸರಿ ಬಂದು ಆಕ್ಸಿಸ್ 45 ಬದಲು 0 ಬಂದರೆ, ಎಕ್ಸ್, ವೈಗಳಿಂದ ಕೋನ ಕೊಡುವ ಅಟ್ಯಾನ್2 ಸೂತ್ರದೊಳಗೆ ಎಕ್ಸ್, ವೈ ಅದಲುಬದಲಾಗಿವೆ. ಎಕ್ಸೆಲ್ ಮೊದಲು ಎಕ್ಸ್ ಕೇಳುತ್ತದೆ, ಪೈಥಾನ್‌ನಂಥ ಭಾಷೆಗಳು ಮೊದಲು ವೈ ಕೇಳುತ್ತವೆ. ಒಂದರಿಂದ ಇನ್ನೊಂದಕ್ಕೆ ಸೂತ್ರ ಸಾಗಿಸುವಾಗ ಇದು ಆಗುತ್ತದೆ. ಮೂರನೆಯದು ಸರಿ, ನಾಲ್ಕನೆಯದರ ಆಕ್ಸಿಸ್ ತಪ್ಪು ಅಂದರೆ ಅಟ್ಯಾನ್2 ಜಾಗದಲ್ಲಿ ಬರೀ ಅಟ್ಯಾನ್ ಹಾಕಲಾಗಿದೆ. ಮೊದಲ ಸಾಲಿನ ಆಕ್ಸಿಸ್‌ನಲ್ಲಿ ಸೊನ್ನೆಯಿಂದ ಭಾಗಿಸಿದ ದೋಷ ಕಂಡರೆ ಗಾಬರಿ ಬೇಡ. ಪ್ರಮಾಣ ಸೊನ್ನೆಯಾದಾಗ ಆಕ್ಸಿಸ್‌ಗೆ ಅರ್ಥವೇ ಇಲ್ಲ.

ಐದೂ ಸಾಲು ಸರಿ ಬಂದರೆ ಹಾಳೆಯನ್ನು ಬಿಟ್ಟು ಮುಂದೆ ಹೋಗಿ.

ಬರೆದುಕೊಂಡದ್ದರಲ್ಲಿ ತಪ್ಪು

ನನ್ನ ಪ್ರಕಾರ ಅತಿ ದೊಡ್ಡ ಅಂಕಿಗಳು ಹುಟ್ಟುವುದು ಇಲ್ಲೇ. ಕೆಲವು ಯಂತ್ರಗಳು ಸಿಲಿಂಡರ್ ಅನ್ನು ಮೈನಸ್ ಚಿಹ್ನೆಯೊಂದಿಗೆ, ಚಪ್ಪಟೆ ಮೆರಿಡಿಯನ್ ಆಕ್ಸಿಸ್‌ನಲ್ಲಿ ಅಚ್ಚು ಮಾಡುತ್ತವೆ. ಕೆಲವು ಪ್ಲಸ್ ಚಿಹ್ನೆಯಲ್ಲಿ, ಕಡಿದಾದ ಮೆರಿಡಿಯನ್ ಹೇಳುತ್ತವೆ. ಎರಡೂ ಒಂದೇ ಕಾರ್ನಿಯಾದ ಮಾತು, ಆಕ್ಸಿಸ್ ಮಾತ್ರ 90 ಡಿಗ್ರಿ ಬೇರೆ. ಬರೆದುಕೊಳ್ಳುವಾಗ ಮೈನಸ್ ಬಿಟ್ಟುಹೋದರೆ ಮುಗಿಯಿತು.

ಒಂದು ಕಣ್ಣು ನೋಡಿ. ಮುಂಚೆ 180ರಲ್ಲಿ 44.00, 90ರಲ್ಲಿ 45.00. ಕಡಿದಾದ ಆಕ್ಸಿಸ್ 90, ಸಿಲಿಂಡರ್ 1.00. ಯಂತ್ರದ ಚೀಟಿಯಲ್ಲಿ ಮೈನಸ್ 1.00, ಆಕ್ಸಿಸ್ 180 ಎಂದಿತ್ತು. ರಿಜಿಸ್ಟರಿಗೆ 1.00, 180 ಎಂದು ಹೋಯಿತು. ಆಪರೇಷನ್ ಆದ ಮೇಲೆ ಬೇರೆಯವರು ಕಡಿದಾದ ಆಕ್ಸಿಸ್ ನೋಡಿ 0.90, 90 ಎಂದು ಬರೆದರು. ನಿಜವಾದ ಬದಲಾವಣೆ 0.10. ಹಾಳೆ ಹೇಳುವುದು 1.90.

ಇದನ್ನು ಹಿಡಿಯಲು ಒಂದು ಸುಲಭ ಗುರುತು ಇದೆ. ಎಸ್‌ಐಎ ಪ್ರಮಾಣ ಹೆಚ್ಚು ಕಡಿಮೆ ಮುಂಚಿನ ಸಿಲಿಂಡರ್ ಮತ್ತು ನಂತರದ ಸಿಲಿಂಡರ್ ಎರಡರ ಮೊತ್ತದಷ್ಟೇ ಇದೆಯೇ? ಹಾಗಿದ್ದರೆ ಆಕ್ಸಿಸ್ ಪದ್ಧತಿ ಅದಲುಬದಲಾಗಿದೆ ಎಂದೇ ಮೊದಲು ಅನುಮಾನಿಸಿ. ಎಕ್ಸೆಲ್‌ನಲ್ಲಿ ಈ ಮೊತ್ತಕ್ಕೆ ಒಂದು ಕಾಲಂ ಇಟ್ಟುಕೊಂಡರೆ ಇಂಥ ಸಾಲುಗಳು ತಾವಾಗಿಯೇ ಎದ್ದು ಕಾಣುತ್ತವೆ. ಸಿಲಿಂಡರ್ ಬರೆಯುವುದನ್ನೇ ಬಿಟ್ಟು ಕೆ1, ಕೆ2 (ಚಪ್ಪಟೆ ಮತ್ತು ಕಡಿದಾದ ಮೆರಿಡಿಯನ್‌ಗಳ ರೀಡಿಂಗ್), ಎರಡರ ಆಕ್ಸಿಸ್ ಹೀಗೆ ನಾಲ್ಕನ್ನೂ ಬರೆಯುವುದು ಇನ್ನೂ ಒಳ್ಳೆಯದು. ಆಗ ತಪ್ಪಾಗಲು ಜಾಗವೇ ಇರುವುದಿಲ್ಲ.

ಎರಡನೆಯದು ಬಲಗಣ್ಣು, ಎಡಗಣ್ಣು. ಆಕ್ಸಿಸ್ ಎಣಿಸುವುದು ನೋಡುವವರ ಬಲಗಡೆಯಿಂದ, ಎರಡೂ ಕಣ್ಣಿಗೆ ಒಂದೇ ರೀತಿ. ಹಾಗಾಗಿ ಬಲಗಣ್ಣಿನ ಮೇಲ್ಭಾಗದ ಕಿವಿಯ ಬದಿ 135, ಎಡಗಣ್ಣಿನದು 45. ಎರಡನ್ನೂ ‘ಸುಪೀರಿಯರ್ ಟೆಂಪೊರಲ್’ ಎಂದು ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದರೆ ಒಂದನ್ನೊಂದು ಅಳಿಸಿಹಾಕುತ್ತವೆ. ಅದರ ಜೊತೆಗೆ ಇನ್ನೊಂದು ಸಿಕ್ಕು. ತಲೆಯ ಕಡೆ ಕೂತ ಬಲಗೈ ಸರ್ಜನ್‌ಗೆ ಸೀಳು ತನ್ನ ಬಲಕ್ಕೆ ವಾಲುತ್ತದೆ. ಅದು ಬಲಗಣ್ಣಿನಲ್ಲಿ ಕಿವಿಯ ಬದಿಗೆ, ಎಡಗಣ್ಣಿನಲ್ಲಿ ಮೂಗಿನ ಬದಿಗೆ ಬೀಳುತ್ತದೆ. ಹೆಸರು ಬೇರೆ, ಡಿಗ್ರಿ ಒಂದೇ.

ಆದ್ದರಿಂದ ಪ್ರತಿ ಸಾಲಿನಲ್ಲೂ ಸೀಳಿನ ಜಾಗವನ್ನು ಡಿಗ್ರಿಯಲ್ಲಿ ಬರೆಯಿರಿ. ಆಮೇಲೆ ಒಂದು ಲೆಕ್ಕ: ಎಸ್‌ಐಎ ಆಕ್ಸಿಸ್‌ನಿಂದ ಸೀಳಿನ ಡಿಗ್ರಿ ಕಳೆಯಿರಿ, ಎರಡರಿಂದ ಗುಣಿಸಿ, ಅದರ ಕೊಸೈನ್ ಅನ್ನು ಎಸ್‌ಐಎ ಪ್ರಮಾಣದಿಂದ ಗುಣಿಸಿ. ಮೈನಸ್ ಬಂದರೆ ಸೀಳು ಬಿದ್ದ ಜಾಗ ಅಷ್ಟು ಚಪ್ಪಟೆಯಾಗಿದೆ. ಪ್ಲಸ್ ಬಂದರೆ ಕಡಿದಾಗಿದೆ. ಸೀಳು 180ರಲ್ಲಿ, ಎಸ್‌ಐಎ 90ರಲ್ಲಿ 0.50 ಆದರೆ ಉತ್ತರ ಮೈನಸ್ 0.50, ಅಂದರೆ ಪೂರ್ತಿ ಸೀಳಿನದೇ ಕೆಲಸ. ಎಸ್‌ಐಎ 135ರಲ್ಲಿ 0.50 ಆದರೆ ಉತ್ತರ ಸೊನ್ನೆ. ಅಂದರೆ ಸೀಳಿನ ದಿಕ್ಕಿನಲ್ಲಿ ಏನೂ ಆಗಿಲ್ಲ. ಈ 0.50 ಎಲ್ಲಿಂದ ಬಂತು ಎಂದು ಬೇರೆ ಕಡೆ ಹುಡುಕಬೇಕು. ಈ ಒಂದು ಕಾಲಂ ಇಡೀ ಎಸ್‌ಐಎ ಕಾಲಂಗಿಂತ ಹೆಚ್ಚು ಹೇಳುತ್ತದೆ. ಬಲ, ಎಡ ಎಂಬ ತಲೆನೋವೂ ಇದರಲ್ಲಿ ಇಲ್ಲ.

ಸೀಳಿನ ಜಾಗ ಬರೆಯುವಾಗ ಒಂದು ಎಚ್ಚರ. ಕೂತಿದ್ದವರು ಮಲಗಿದಾಗ ಕಣ್ಣು ಸ್ವಲ್ಪ ತಿರುಗುತ್ತದೆ. ಹಲವರಲ್ಲಿ ಕೆಲವೇ ಡಿಗ್ರಿ, ಒಬ್ಬೊಬ್ಬರಲ್ಲಿ ಹತ್ತರ ಹತ್ತಿರವೂ ಹೋಗುತ್ತದೆ. ಕೂತಾಗಲೇ ಗುರುತು ಹಾಕಿದ್ದರೆ ಮಾತ್ರ ಆ ಡಿಗ್ರಿಗೆ ಬೆಲೆ.

ಇನ್ನು ಆಕ್ಸಿಸ್ ಕಾಲಂ ಮೇಲೆ ಸುಮ್ನೆ ಒಮ್ಮೆ ಕಣ್ಣಾಡಿಸಿ. ಎಲ್ಲವೂ 90, 180, 45, 135 ಎಂದೇ ಇದ್ದರೆ ಯಾರೋ ಅಂದಾಜಿಗೆ ಬರೆದಿದ್ದಾರೆ. ಅಂಥ ದಾಖಲೆಯಿಂದ ವೆಕ್ಟರ್ ಲೆಕ್ಕ ಮಾಡಬೇಡಿ.

ಕಣ್ಣಿನ ಮೇಲ್ಮೈ, ಅಳೆಯುವ ಕೈ

ಕೆ ರೀಡಿಂಗ್ ಕೊಡುವ ಯಂತ್ರವಾದ ಕೆರಾಟೋಮೀಟರ್ ನೋಡುವುದು ಕಾರ್ನಿಯಾವನ್ನಲ್ಲ, ಅದರ ಮೇಲಿನ ಕಣ್ಣೀರಿನ ಪದರದಿಂದ ಮರಳಿ ಬರುವ ಬೆಳಕನ್ನು. ಆ ಪದರ ಕೆಟ್ಟಿದ್ದರೆ ರೀಡಿಂಗ್ ಕೆಟ್ಟ ಹಾಗೇ. ವಯಸ್ಸಾದವರಲ್ಲಿ ಒಣಕಣ್ಣು ಮೊದಲೇ ಜಾಸ್ತಿ. ಆಪರೇಷನ್ ನಂತರ ಸೀಳಿನಿಂದ ಕಾರ್ನಿಯಾದ ನರಗಳು ಕಡಿದಿರುತ್ತವೆ, ಡ್ರಾಪ್ಸ್‌ನೊಳಗಿನ ಪ್ರಿಸರ್ವೇಟಿವ್ ಬೇರೆ. ಹಾಗಾಗಿ ನಂತರದ ರೀಡಿಂಗ್ ಮುಂಚಿನದಕ್ಕಿಂತ ಹೆಚ್ಚು ಅಲುಗಾಡುತ್ತದೆ.

ಕೈಯಿಂದ ತಿರುಗಿಸುವ ಕೆರಾಟೋಮೀಟರ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು, ಅದಕ್ಕೇ ಆ ಹಳೆಯ ಯಂತ್ರದ ಮೇಲೆ ನನಗೆ ಇನ್ನೂ ಪ್ರೀತಿ. ರೋಗಿಗೆ ಕಣ್ಣು ಮಿಟುಕಿಸಲು ಹೇಳಿ ಬೆಳಕಿನ ವೃತ್ತಗಳನ್ನು ನೋಡುತ್ತಾ ಇರಿ. ಮಿಟುಕಿಸಿದ ಕೂಡಲೇ ವೃತ್ತದ ಗೆರೆ ತೆಳ್ಳಗೆ, ಚೂಪಾಗಿ ನಿಲ್ಲುತ್ತದೆ. ಕೆಲವು ಸೆಕೆಂಡು ಬಿಟ್ಟರೆ ಗೆರೆಯ ಒಂದು ಬದಿ ದಪ್ಪವಾಗುತ್ತದೆ, ಅಂಚು ಅಲೆಯಲೆಯಾಗುತ್ತದೆ, ಪ್ಲಸ್ ಗುರುತುಗಳು ಕೂಡಿದ್ದ ಜಾಗದಿಂದ ಜಾರಿದಂತೆ ಕಾಣುತ್ತವೆ. ಕಾರ್ನಿಯಾ ಬದಲಾಗಿಲ್ಲ, ನೀರಿನ ಪದರ ಒಡೆದಿದೆ ಅಷ್ಟೇ. ಈ ಹೊತ್ತಿನಲ್ಲಿ ಗುಂಡಿ ತಿರುಗಿಸಿ ರೀಡಿಂಗ್ ತೆಗೆದರೆ ಅರ್ಧ ಡಯಾಪ್ಟರ್ ಸಿಲಿಂಡರ್ ಎಲ್ಲಿಂದಲೋ ಬಂದುಬಿಡುತ್ತದೆ. ಎರಡು ಮೂರು ಸಲ ಮಿಟುಕಿಸಲು ಹೇಳಿ, ಗೆರೆ ಚೂಪಾಗಿ ನಿಂತ ಆ ಕ್ಷಣದಲ್ಲೇ ಅಳೆಯಿರಿ.

ಅದೇ ಯಂತ್ರದಲ್ಲಿ ಇನ್ನೂ ಎರಡು ಗಮನಿಸಿ. ಬಲಗಡೆ ಕೆಳಗಿನ ವೃತ್ತ ಜೋಡಿಯಾಗಿ ಕಾಣುತ್ತಿದ್ದರೆ ಫೋಕಸ್ ತಪ್ಪಿದೆ. ಅಳೆಯುವಷ್ಟು ಹೊತ್ತೂ ಒಂದು ಕೈ ಫೋಕಸ್ ಗುಂಡಿಯ ಮೇಲೇ ಇರಬೇಕು. ಪ್ಲಸ್ ಗುರುತುಗಳ ಅಡ್ಡಗೆರೆಗಳು ಒಂದೇ ಸಾಲಿನಲ್ಲಿ ತುದಿಗೆ ತುದಿ ತಾಗದೆ ಮೇಲೆ ಕೆಳಗೆ ಇದ್ದರೆ ಆಕ್ಸಿಸ್ ಇನ್ನೂ ಸಿಕ್ಕಿಲ್ಲ. ಅಳೆಯಲು ಶುರು ಮಾಡುವ ಮುಂಚೆ ಐಪೀಸ್ ಅನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳುವುದನ್ನು ಹಲವರು ಬಿಡುತ್ತಾರೆ. ಒಂದೇ ಯಂತ್ರದಲ್ಲಿ ಇಬ್ಬರ ರೀಡಿಂಗ್ ಸದಾ ಬೇರೆ ಬರುತ್ತಿದ್ದರೆ ಮೊದಲು ಇದನ್ನೇ ನೋಡಿ.

ಆಟೋಮ್ಯಾಟಿಕ್ ಯಂತ್ರದಲ್ಲಿ ವೃತ್ತ ಕಾಣುವುದಿಲ್ಲ. ಅಲ್ಲಿ ಮೂರು ರೀಡಿಂಗ್ ತೆಗೆದು ಪಕ್ಕಪಕ್ಕ ಇಡಿ. ಸಿಲಿಂಡರ್ 1 ಡಯಾಪ್ಟರ್‌ಗಿಂತ ಜಾಸ್ತಿ ಇದ್ದೂ ಆಕ್ಸಿಸ್ ಹತ್ತು ಡಿಗ್ರಿಗಿಂತ ಹೆಚ್ಚು ಓಡಾಡುತ್ತಿದ್ದರೆ ಆ ರೀಡಿಂಗ್ ಬೇಡ. ಕಣ್ಣೀರಿನ ತೊಂದರೆಗೆ ಚಿಕಿತ್ಸೆ ಕೊಟ್ಟು ಇನ್ನೊಂದು ದಿನ ಕರೆಸಿ. ಸಿಲಿಂಡರ್ ಅರ್ಧ ಡಯಾಪ್ಟರ್‌ಗಿಂತ ಕಡಿಮೆ ಇದ್ದಾಗ ಆಕ್ಸಿಸ್ ಓಡಾಡುವುದು ಸಹಜ, ಅದಕ್ಕೆ ಯಂತ್ರವನ್ನು ಬೈಯಬೇಡಿ.

ಕೆ ರೀಡಿಂಗ್ ಯಾವಾಗಲೂ ಮೊದಲು. ಕಣ್ಣಿನ ಒತ್ತಡ ಅಳೆಯುವುದು, ಮರಗಟ್ಟಿಸುವ ಡ್ರಾಪ್ಸ್, ಕಣ್ಣಿಗೆ ತಾಗಿಸುವ ಎ-ಸ್ಕ್ಯಾನ್ (ಕಣ್ಣಿನ ಉದ್ದ ಅಳೆಯುವ ಅಲ್ಟ್ರಾಸೌಂಡ್) ಎಲ್ಲ ಆಮೇಲೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ಮುಂಚಿನ ರೀಡಿಂಗ್ ಅನ್ನೇ ಅನುಮಾನಿಸಬೇಕು. ಮೆತ್ತನೆಯ ಲೆನ್ಸ್ ಬಿಟ್ಟು ಒಂದೆರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರವಾದರೂ ಆಗಿರಬೇಕು, ರೀಡಿಂಗ್ ಒಂದೇ ಕಡೆ ನಿಲ್ಲುವವರೆಗೂ ಕಾಯಬೇಕು. ಇಲ್ಲದಿದ್ದರೆ ಲೆನ್ಸ್ ಬಿಟ್ಟಿದ್ದರಿಂದ ಆದ ಬದಲಾವಣೆ ಸೀಳಿನ ಖಾತೆಗೆ ಹೋಗುತ್ತದೆ.

ಗಲ್ಲ ಮತ್ತು ಹಣೆ ಸರಿಯಾಗಿ ಕೂತಿದೆಯೇ ಎಂಬುದನ್ನೂ ಮರೆಯಬೇಡಿ. ತಲೆ ಐದು ಡಿಗ್ರಿ ವಾಲಿದರೆ ಆಕ್ಸಿಸ್ ಐದು ಡಿಗ್ರಿ ತಪ್ಪುತ್ತದೆ. 2 ಡಯಾಪ್ಟರ್ ಸಿಲಿಂಡರ್ ಇರುವ ಕಣ್ಣಿನಲ್ಲಿ ಅಷ್ಟರಿಂದಲೇ 0.35 ಡಯಾಪ್ಟರ್ ಸುಳ್ಳು ಎಸ್‌ಐಎ ಹುಟ್ಟುತ್ತದೆ. ಸಿಲಿಂಡರ್ ಹೆಚ್ಚಿರುವ ಕಣ್ಣುಗಳಲ್ಲೇ ನಿಮ್ಮ ಎಸ್‌ಐಎ ದೊಡ್ಡದಾಗಿ ಬರುತ್ತಿದ್ದರೆ ತಲೆಯ ಓರೆಯನ್ನು ಅನುಮಾನಿಸಿ.

ಯಂತ್ರ

ಕೆರಾಟೋಮೀಟರ್ ಅಳೆಯುವುದು ಬಾಗಿನ ತ್ರಿಜ್ಯವನ್ನು. ಅದನ್ನು ಡಯಾಪ್ಟರ್ ಮಾಡುವುದು 337.5 ಅನ್ನು ಮಿ.ಮೀ. ತ್ರಿಜ್ಯದಿಂದ ಭಾಗಿಸಿ. 7.5 ಮಿ.ಮೀ. ಆದರೆ 45.00. ಇದರ ಹಿಂದೆ 1.3375 ಎಂಬ ಒಪ್ಪಿಕೊಂಡ ವಕ್ರೀಭವನ ಸೂಚ್ಯಂಕ ಇದೆ. ಬೇರೆ ಸೂಚ್ಯಂಕ ಬಳಸುವ ಯಂತ್ರಗಳೂ ಇವೆ. 1.332 ಆದರೆ ಅದೇ ಕಾರ್ನಿಯಾ 44.27 ಆಗುತ್ತದೆ.

ಇದರಿಂದ ಸಿಲಿಂಡರ್ ಹೆಚ್ಚು ಬದಲಾಗುವುದಿಲ್ಲ, ಆದರೆ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ. ಕೆ1, ಕೆ2 ಎರಡರ ಸರಾಸರಿ ತೆಗೆಯಿರಿ. ಚಿಕ್ಕ ಸೀಳಿನಲ್ಲಿ ಒಂದು ಕಡೆ ಚಪ್ಪಟೆಯಾದಷ್ಟೇ ಇನ್ನೊಂದು ಕಡೆ ಕಡಿದಾಗುವುದರಿಂದ ಸರಾಸರಿ ಹೆಚ್ಚು ಕಡಿಮೆ ಅಲ್ಲೇ ಇರಬೇಕು. ಅದು ಅರ್ಧ ಡಯಾಪ್ಟರ್ ಅಥವಾ ಹೆಚ್ಚು ಜರುಗಿದ್ದರೆ ಮುಂಚಿನ ಮತ್ತು ನಂತರದ ರೀಡಿಂಗ್ ಒಂದೇ ಯಂತ್ರದ್ದಲ್ಲ, ಇಲ್ಲವೇ ಮೇಲ್ಮೈ ಸರಿಯಿರಲಿಲ್ಲ, ಇಲ್ಲವೇ ಬೇರೆ ಕಣ್ಣಿನ ಅಥವಾ ಬೇರೆ ರೋಗಿಯ ಚೀಟಿ ಸೇರಿಕೊಂಡಿದೆ. ಈ ಕೊನೆಯದು ಅಂದುಕೊಂಡಷ್ಟು ಅಪರೂಪವಲ್ಲ.

ಎರಡು ಯಂತ್ರಗಳನ್ನು ಬೆರೆಸಲೇಬೇಡಿ. ಒಂದೊಂದು ಯಂತ್ರ ಕಾರ್ನಿಯಾದ ಒಂದೊಂದು ಅಳತೆಯ ಉಂಗುರವನ್ನು ನೋಡುತ್ತದೆ. ಕೈಯ ಕೆರಾಟೋಮೀಟರ್ ಸುಮಾರು 3 ಮಿ.ಮೀ. ವ್ಯಾಸದಲ್ಲಿ ನೋಡಿದರೆ ಬಯೋಮೀಟರ್‌ಗಳು (ಲೆನ್ಸ್ ಆರಿಸಲು ಕಣ್ಣನ್ನು ಅಳೆಯುವ ಯಂತ್ರಗಳು) ಸಾಮಾನ್ಯವಾಗಿ ಅದಕ್ಕಿಂತ ಒಳಗೆ ನೋಡುತ್ತವೆ. ಟೋಪೋಗ್ರಫಿಯ ಸಿಮ್-ಕೆ, ಅಂದರೆ ಕಾರ್ನಿಯಾದ ನಕ್ಷೆಯಿಂದ ಲೆಕ್ಕ ಹಾಕಿದ ಕೆ, ಇನ್ನೊಂದು ಬಗೆ. ಎರಡೂ ಸರಿಯಾದ ಯಂತ್ರಗಳೇ ಆದರೂ ಅವುಗಳ ನಡುವಿನ ವ್ಯತ್ಯಾಸವನ್ನು ನೀವು ಸೀಳಿನದು ಎಂದು ಬರೆದುಕೊಳ್ಳುತ್ತೀರಿ. ತ್ರಿಜ್ಯ ಗೊತ್ತಿರುವ ಉಕ್ಕಿನ ಗುಂಡಿನಿಂದ ಆಗಾಗ ಪರೀಕ್ಷಿಸುವುದು ಹೇಗೂ ಮಾಡಲೇಬೇಕಾದ ಕೆಲಸ.

ಆಪರೇಷನ್ ಆಗದ ಕಣ್ಣನ್ನು ಕೇಳಿ

ಇಡೀ ಹುಡುಕಾಟದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಪರೀಕ್ಷೆಗೆ. ಇದನ್ನು ಮಾಡುವವರು ಮಾತ್ರ ಕಡಿಮೆ.

ಆಪರೇಷನ್ ಆಗದ ಇನ್ನೊಂದು ಕಣ್ಣಿನ ರೀಡಿಂಗ್ ಕೂಡ ಎರಡೂ ಭೇಟಿಯಲ್ಲಿ ತೆಗೆಯಿರಿ. ಅದೇ ಯಂತ್ರ, ಅದೇ ಕೈ, ಅದೇ ಅಂತರ. ಆ ಕಣ್ಣಿಗೂ ಅದೇ ಹಾಳೆಯಲ್ಲಿ ‘ಎಸ್‌ಐಎ’ ಲೆಕ್ಕ ಹಾಕಿ. ಅಲ್ಲಿ ಚಾಕು ತಾಗಿಲ್ಲ, ಹಾಗಾಗಿ ಸೊನ್ನೆ ಬರಬೇಕು ಅಲ್ವಾ? ಬರುವುದಿಲ್ಲ.

ಏಕೆಂದು ನೋಡೋಣ. ಒಂದು ಯಂತ್ರದ ರೀಡಿಂಗ್ ಎಕ್ಸ್‌ನಲ್ಲೂ ವೈನಲ್ಲೂ 0.15 ಡಯಾಪ್ಟರ್‌ನಷ್ಟು ಸ್ಟ್ಯಾಂಡರ್ಡ್ ಡೀವಿಯೇಷನ್‌ನೊಂದಿಗೆ (ಸರಾಸರಿಯಿಂದ ಚದುರುವ ಅಳತೆ) ಅಲುಗಾಡುತ್ತದೆ ಎಂದು ಇಟ್ಟುಕೊಳ್ಳೋಣ. ಎರಡು ರೀಡಿಂಗ್‌ಗಳ ವ್ಯತ್ಯಾಸದಲ್ಲಿ ಅದು 0.21 ಆಗುತ್ತದೆ. ಎರಡೂ ದಿಕ್ಕಿನ ಅಲುಗಾಟ ಸೇರಿ ಪ್ರಮಾಣದ ಸರಾಸರಿ ಸುಮಾರು 0.27 ಡಯಾಪ್ಟರ್. ಏನೂ ಆಗದ ಕಣ್ಣಿಗೆ 0.27! ಈಗ ಟೆಂಪೊರಲ್ ಚಿಕ್ಕ ಸೀಳಿಗೆ 0.35 ಬಂತು ಎಂದು ಬರೆದರೆ ಅದರಲ್ಲಿ ಸೀಳಿನ ಪಾಲು ಎಷ್ಟು, ಯಂತ್ರದ ಪಾಲು ಎಷ್ಟು?

ನಿಮ್ಮ ಯಂತ್ರದ ಈ ಅಲುಗಾಟ ನಿಮಗೇ ಗೊತ್ತಿರಬೇಕು, ಬೇರೆಯವರ ಅಂಕಿ ತೆಗೆದುಕೊಳ್ಳಬೇಡಿ. ಆಪರೇಷನ್ ಆದ ಕಣ್ಣುಗಳ ಅಂಕಿಯೂ ಆಗದ ಕಣ್ಣುಗಳ ಅಂಕಿಯೂ ಹೆಚ್ಚು ಕಡಿಮೆ ಒಂದೇ ಬಂದರೆ ನೀವು ಇಷ್ಟು ದಿನ ಅಳೆಯುತ್ತಿದ್ದದ್ದು ಯಂತ್ರವನ್ನು. ಆಪರೇಷನ್ ಆಗದ ಕಣ್ಣುಗಳೂ ಒಂದೇ ದಿಕ್ಕಿಗೆ ವಾಲುತ್ತಿದ್ದರೆ ತಪ್ಪು ಬೇರೆ ಥರದ್ದು. ಎರಡು ಭೇಟಿಗೆ ಎರಡು ಯಂತ್ರ, ಹಾಳಾದ ಗಲ್ಲದ ಪಟ್ಟಿ, ಇಂಥದ್ದೇನೋ ಇದೆ.

ಯಾವ ದಿನ ಅಳೆದಿರಿ?

ಮರುದಿನ ಕಾರ್ನಿಯಾದಲ್ಲಿ ಊತ ಇರುತ್ತದೆ. ಆ ದಿನದ ಎಸ್‌ಐಎಗೆ ಬೆಲೆ ಇಲ್ಲ. ಹೊಲಿಗೆಯಿಲ್ಲದ ಚಿಕ್ಕ ಸೀಳಿಗೆ ನಾಲ್ಕರಿಂದ ಆರು ವಾರ ಬಿಡಿ. ದೊಡ್ಡ ಟನಲ್ ಅಥವಾ ಹೊಲಿಗೆ ಇದ್ದರೆ ಮೂರು ತಿಂಗಳು. ಒಬ್ಬರದು ಒಂದು ವಾರದ್ದು, ಇನ್ನೊಬ್ಬರದು ಮೂರು ತಿಂಗಳದ್ದು ಎಂದು ಬೆರೆಸಿದರೆ ಸರಾಸರಿ ಏನನ್ನೂ ಹೇಳುವುದಿಲ್ಲ.

ಸರಾಸರಿ ತೆಗೆದ ಬಗೆ

ಆಕ್ಸಿಸ್‌ಗಳ ಸರಾಸರಿಯನ್ನು ಮಾಮೂಲಿ ಸರಾಸರಿಯಂತೆ ತೆಗೆದರೆ 5 ಮತ್ತು 175ಕ್ಕೆ 90 ಬರುತ್ತದೆ. ನಿಜವಾದದ್ದು 180. ಎಕ್ಸ್‌ಗಳ ಸರಾಸರಿ ಬೇರೆ, ವೈಗಳ ಸರಾಸರಿ ಬೇರೆ ತೆಗೆದು ಕೊನೆಗೆ ಪ್ರಮಾಣ, ಆಕ್ಸಿಸ್ ಮಾಡಿ. ಇದೇ ಸೆಂಟ್ರಾಯ್ಡ್. ಬರೀ ಪ್ರಮಾಣಗಳ ಸರಾಸರಿ ಬೇರೆಯೇ ಅಂಕಿ. ಒಂದು ಕಣ್ಣಿಗೆ 90ರಲ್ಲಿ 0.50, ಇನ್ನೊಂದಕ್ಕೆ 180ರಲ್ಲಿ 0.50 ಬಂದರೆ ಪ್ರಮಾಣಗಳ ಸರಾಸರಿ 0.50, ಸೆಂಟ್ರಾಯ್ಡ್ ಸೊನ್ನೆ. ಅಲುಗಾಟ ಎಲ್ಲ ದಿಕ್ಕಿಗೂ ಇರುವುದರಿಂದ ಸೆಂಟ್ರಾಯ್ಡ್‌ನಲ್ಲಿ ಬಹುಪಾಲು ಕಳೆದುಹೋಗುತ್ತದೆ, ಪ್ರಮಾಣಗಳ ಸರಾಸರಿಯಲ್ಲಿ ಪೂರ್ತಿ ಕೂಡಿಕೊಳ್ಳುತ್ತದೆ. ಟೆಂಪೊರಲ್ ಚಿಕ್ಕ ಸೀಳಿಗೆ ಸೆಂಟ್ರಾಯ್ಡ್ ಸಾಮಾನ್ಯವಾಗಿ 0.1ರಿಂದ 0.2ರ ಸುತ್ತ ಬರುತ್ತದೆ. ಒಂದು ಕಡೆ 0.1, ಇನ್ನೊಂದು ಕಡೆ 0.4 ಎಂದು ಓದಿ ಗೊಂದಲವಾದರೆ ಯಾವ ಸರಾಸರಿ ಎಂದು ಮೊದಲು ನೋಡಿ.

ಎಲ್ಲ ಸರಿಯಿದ್ದೂ ಅಂಕಿ ದೊಡ್ಡದಿದ್ದರೆ

ಈಗ ಸೀಳಿನ ಕಡೆ ಹೋಗಬಹುದು. ಸೀಳಿನ ದಿಕ್ಕಿನ ಕಾಲಂ ನೋಡಿ. ಪ್ಲಸ್ ಬಂದಿದ್ದರೆ, ಅಂದರೆ ಸೀಳಿದ ಜಾಗ ಚಪ್ಪಟೆಯಾಗುವ ಬದಲು ಕಡಿದಾಗಿದ್ದರೆ, ಕಾರಣಗಳು ಕೆಲವೇ. ಹೊಲಿಗೆ ಬಿಗಿಯಾಗಿದೆ, ಅಥವಾ ಪೊರೆಯನ್ನು ಪುಡಿಮಾಡಿ ಹೀರುವ ಫೇಕೋ ಸೂಜಿಯ ಶಾಖಕ್ಕೆ ಸೀಳಿನ ಅಂಚು ಸುಟ್ಟು ಮುದುಡಿದೆ. ಹೊಲಿಗೆಯಾದರೆ ಗಾಯ ಮಾಗಿದ ಮೇಲೆ ಬಿಚ್ಚಿದರೆ ಇಳಿಯುತ್ತದೆ. ಸುಟ್ಟಿದ್ದರೆ ಸ್ಲಿಟ್ ಲ್ಯಾಂಪಿನಲ್ಲಿ ಸೀಳಿನ ತುಟಿಗಳು ಬಿಳಿಚಿ, ಎಳೆದುಕೊಂಡಂತೆ ಕಾಣುತ್ತವೆ. ದೊಡ್ಡ ಮೈನಸ್ ಬಂದಿದ್ದರೆ ಸೀಳು ಬಾಯಿ ಬಿಟ್ಟಿದೆಯೇ, ಹೊಲಿಗೆ ಸಡಿಲವೇ, ಅಂದುಕೊಂಡದ್ದಕ್ಕಿಂತ ಉದ್ದವಾಗಿದೆಯೇ, ಕಾರ್ನಿಯಾದ ಒಳಕ್ಕೆ ಸರಿದಿದೆಯೇ ನೋಡಿ. 2.4ರಲ್ಲಿ ಶುರುವಾದ ಸೀಳು ಲೆನ್ಸ್ ತೂರಿಸುವಾಗ ಹಿಗ್ಗಿರಲೂಬಹುದು. ಕೊನೆಗೆ ಅದರ ಉದ್ದ ಎಷ್ಟಿತ್ತು ಎಂದು ಆಪರೇಷನ್ ಟಿಪ್ಪಣಿಯಲ್ಲಿ ಬರೆಯುವ ರೂಢಿ ಇದ್ದರೆ ಈ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ.

ಕನ್ನಡಕದ ಸಿಲಿಂಡರ್ ಮತ್ತು ಕೆ ರೀಡಿಂಗ್ ಹೊಂದುತ್ತಿಲ್ಲ ಎನ್ನುವುದು ಬೇರೆ ದೂರು. ಅದನ್ನು ಎಸ್‌ಐಎಗೆ ಬೆರೆಸಬೇಡಿ. ಮುಂಚಿನ ಕನ್ನಡಕದಲ್ಲಿ ಕಣ್ಣಿನೊಳಗಿನ ಹಳೆಯ ಲೆನ್ಸಿನ ಸಿಲಿಂಡರ್ ಕೂಡ ಸೇರಿತ್ತು. ಆ ಲೆನ್ಸ್ ಈಗಿಲ್ಲ. ಹಾಗಾಗಿ ಕನ್ನಡಕದಿಂದ ಎಸ್‌ಐಎ ಲೆಕ್ಕ ಹಾಕುವುದೇ ತಪ್ಪು. ಕಾರ್ನಿಯಾದ ಹಿಂಬದಿಗೂ ಸ್ವಲ್ಪ ಅಸ್ಟಿಗ್ಮ್ಯಾಟಿಸಂ ಇದೆ, ಸರಾಸರಿ 0.3 ಡಯಾಪ್ಟರ್‌ನಷ್ಟು, ಕೆರಾಟೋಮೀಟರ್‌ಗೆ ಅದು ಕಾಣುವುದಿಲ್ಲ. ಕೋಖ್ ಮತ್ತು ಸಂಗಡಿಗರು 2012ರಲ್ಲಿ ಇದನ್ನು ಅಳೆದು ತೋರಿಸಿದ ಮೇಲೆ ಟೋರಿಕ್ ಲೆನ್ಸಿನ (ಅಸ್ಟಿಗ್ಮ್ಯಾಟಿಸಂ ಸರಿಪಡಿಸಲು ಕಣ್ಣಿನೊಳಗೆ ಹಾಕುವ ಲೆನ್ಸ್) ಲೆಕ್ಕಗಳೇ ಬದಲಾದವು. ಟೋರಿಕ್ ಲೆನ್ಸ್ ಹಾಕಿದ ಕಣ್ಣಾದರೆ ಅದು ತಿರುಗಿದೆಯೇ ನೋಡಿ. ಒಂದೊಂದು ಡಿಗ್ರಿಗೆ ಸುಮಾರು 3.3 ಶೇಕಡ ಕೆಲಸ ಕಡಿಮೆಯಾಗುತ್ತದೆ, 30 ಡಿಗ್ರಿಗೆ ಪೂರ್ತಿ ಹೋಗುತ್ತದೆ.

ಟೋರಿಕ್ ಕ್ಯಾಲ್ಕುಲೇಟರ್‌ನಲ್ಲಿ ಎಸ್‌ಐಎ ಎಂದು ಕೇಳುವ ಜಾಗಕ್ಕೆ ಸೆಂಟ್ರಾಯ್ಡ್ ಹಾಕಿ, ಪ್ರಮಾಣಗಳ ಸರಾಸರಿಯನ್ನಲ್ಲ. 0.4 ಎಂದು ತುಂಬಿದರೆ ಕ್ಯಾಲ್ಕುಲೇಟರ್ ಪ್ರತಿ ಕಣ್ಣಿನಲ್ಲೂ ಸೀಳಿನ ದಿಕ್ಕಿಗೆ 0.4 ಚಪ್ಪಟೆಯಾಗುತ್ತದೆ ಎಂದೇ ನಂಬಿ ಲೆನ್ಸ್ ಆರಿಸುತ್ತದೆ. ನಿಮ್ಮ ಸೀಳು ನಿಜವಾಗಿ ಮಾಡುವುದು 0.1 ಆದರೆ ಉಳಿದ 0.3 ರೋಗಿಯ ಕಣ್ಣಿನಲ್ಲಿ ಉಳಿಯುತ್ತದೆ. ಸೀಳಿನ ಅಳತೆ, ಜಾಗ ಅಥವಾ ಚಾಕು ಬದಲಾದಾಗ ಹಳೆಯ ಸೆಂಟ್ರಾಯ್ಡ್ ಬಿಟ್ಟು ಹೊಸದಾಗಿ ಲೆಕ್ಕ ಶುರು ಮಾಡಿ.